ನಿದ್ದೆ ಕೆಡಿಸದ ಗಿಟಾರು

ನನ್ನ ತಂಗಿ ಶಿವಕಾಂತಾ ತನಗೆ ಇಂಥದ್ದು ಬೇಕು ಎಂದು ಹುಟ್ಟಿದಾಗಿನಿಂದ ಬಾಯಿ ಬಿಟ್ಟು ಕೇಳಿದವಳಲ್ಲ. ತನಗೆ ಚಹಾ ಬೇಕೆನಿಸಿದರೆ ಎದುರಿಗೆ ಕೂತವರನ್ನು ಚಹಾ ಕುಡಿಯುತ್ತೀರಾ ಎಂದು ಕೇಳುತ್ತಿದ್ದಳು. ಸೆಕೆಯಾದರೆ, ನಿಮಗೆ ಫ್ಯಾನು ಹಚ್ಚಲೇ ಎನ್ನುತ್ತಿದ್ದಳು. ಕೇಳಿ ಉಣ್ಣುವ ಸೊಸೆ ಮನೆಗೆ ಭಾರ ಎಂದು ನಮ್ಮವ್ವ ಇಬ್ಬರಿಗೂ ಪಾಠ ಹೇಳಿದ್ದಳು. ನಾನು ಕಲಿಯಲಿಲ್ಲ, ಅವಳು ಕಲಿತಳು. ಊರು ಅವಳನ್ನು ಬಂಗಾರದಂಥ ಹುಡುಗಿ ಎಂದಿತು, ನನ್ನನ್ನು ಬಾಯಿಬಡಕಿ ಎಂದಿತು. ಬಾಯಿಬಡಕಿ ಅನ್ನಿಸಿಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಆ ಬಂಗಾರದ ಮಾತಿನ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ.

ಹೋದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಪುಣೆಯ ಆಸ್ಪತ್ರೆಯವರು ಅವಳನ್ನು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟರು. ಹೊಟ್ಟೆಯೊಳಗಿನ ಗಂಟು ಎಲ್ಲೆಲ್ಲೋ ಹಬ್ಬಿತ್ತಂತೆ. ನಾನು ವಿಜಯಪುರದಿಂದ ಬಸ್ಸು ಹತ್ತಿ ಧನಕವಡಿಯ ಅವಳ ಮನೆಗೆ ಬಂದೆ. ನನ್ನ ಗಂಡ ಸತ್ತ ಮೇಲೆ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಶಿವಕಾಂತಾಗೆ ಮಕ್ಕಳಾಗಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಗಂಡ ಪ್ರೇಮಕುಮಾರ, ಇಷ್ಟೇ ಅವಳ ಸಂಸಾರ.

ಪ್ರೇಮಕುಮಾರ ಒಂದು ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಆ ಬೇಸಿಗೆಯಲ್ಲಷ್ಟೇ ನಿವೃತ್ತರಾಗಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಕಚ್ಚಾ ಪ್ರತಿ ಬರೆದು, ತಿದ್ದಿ, ಪಕ್ಕಾ ಪ್ರತಿ ಆಗುವತನಕ ಸಾಹೇಬರಿಗೆ ಒಂದು ಹಾಳೆಯನ್ನೂ ತೋರಿಸದವರು. ಮನೆಯಲ್ಲೂ ಹಾಗೇ. ಮಾಡಿದ ಪಲ್ಯವನ್ನೂ ಮೊದಲು ತಾವು ಒಲೆಯ ಮುಂದೆ ನಿಂತು ರುಚಿ ನೋಡಿ, ಉಪ್ಪು ಹಾಕಿ, ಆಮೇಲೆ ಹೆಂಡತಿಗೆ ಬಡಿಸುವವರು. ಅವರಿಗೆ ಇದ್ದದ್ದು ಒಂದೇ ಹುಚ್ಚು. ಕಾರ್ಖಾನೆಯ ಗಣಪತಿ ಉತ್ಸವಕ್ಕೆ ಆರ್ಕೆಸ್ಟ್ರಾ ಬಂದಾಗ ಜನ ಹಾಡುವವರನ್ನು ನೋಡಿದರೆ ಇವರು ಗಿಟಾರಿನವನ ಬೆರಳು ನೋಡುತ್ತ ನಿಲ್ಲುತ್ತಿದ್ದರು. ಊಟದ ಡಬ್ಬಿಯ ಮೇಲೆ, ಬಸ್ಸಿನ ಸೀಟಿನ ಮೇಲೆ ಬೆರಳು ಆಡುತ್ತಲೇ ಇರುತ್ತಿತ್ತು. ರಿಟೈರ್ ಆದ ಮೇಲೆ ಕಲಿಯುತ್ತೇನೆ ಎನ್ನುತ್ತಿದ್ದರಂತೆ. ರಿಟೈರ್ ಆದರು, ಹೆಂಡತಿ ಹಾಸಿಗೆ ಹಿಡಿದಳು, ಆ ಮಾತು ಅಲ್ಲಿಗೇ ನಿಂತಿತು.

ಅದನ್ನು ಮತ್ತೆ ಎತ್ತಿದವಳು ಶಿವಕಾಂತಾ. ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತ, ಗಿಟಾರ್ ಯಾವಾಗ ತರುತ್ತೀರಿ ಎಂದು ಗಂಡನನ್ನು ಕೇಳಿದಳು. ಅವರು ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ಅರವತ್ತಕ್ಕೆ ಅರಳು ಮರುಳು ಎಂಬುದು ಇವರಿಗೆ ಇನ್ನೂ ಎರಡು ವರ್ಷ ಮೊದಲೇ ಬಂದಿತೇ ಎಂದು ನಾನು ಚುಚ್ಚಿದೆ. ಹೆಂಡತಿ ಹೀಗೆ ಮಲಗಿರುವಾಗ ಗಂಡ ಗಿಟಾರು ಬಾರಿಸಿದರೆ ಮಂದಿ ಏನೆಂದಾರು ಎಂದೂ ಕೇಳಿದೆ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ. ಅವರು ತಲೆ ತಗ್ಗಿಸಿ ಹಾಲು ತರಲು ಹೋದರು. ಆಗ ಶಿವಕಾಂತಾ ನನ್ನ ಸೆರಗು ಹಿಡಿದಳು.

"ನಾ ಹೋದ ಮ್ಯಾಲೆ ಆ ಮನುಷ್ಯಾ ಈ ಮನ್ಯಾಗ ಯಾರ ಜೋಡಿ ಇರಬೇಕು ಅಕ್ಕಾ? ಕೈಯಾಗ ಏನರ ಒಂದು ಇರಲಿ."

ಆ ವಾರವೇ ಮೇಲಿನ ಮನೆಯ ಶಿವಗಂಗವ್ವನನ್ನು ತಂಗಿಯ ಹತ್ತಿರ ಕೂರಿಸಿ, ನಾನೇ ಅವರನ್ನು ಅಂಗಡಿಗೆ ಎಳೆದುಕೊಂಡು ಹೋದೆ.

ಲಕ್ಷ್ಮಿ ರಸ್ತೆಯ ಹಿಂದಿನ ಗಲ್ಲಿಯಲ್ಲಿ ವಾದ್ಯದ ಅಂಗಡಿ. ಅಲ್ಲಿದ್ದ ಮಾಧುರಿ ಎಂಬ ಹುಡುಗಿ ಎರಡು ಗಿಟಾರು ಇಳಿಸಿ ಮುಂದಿಟ್ಟು, ಹೊಸದಾಗಿ ಕಲಿಯುವವರೆಲ್ಲ ಎರಡರಲ್ಲಿ ಯಾವುದು ಎಂಬಲ್ಲೇ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ಮರಾಠಿಯಲ್ಲಿ ನಕ್ಕಳು. ಒಂದು ಅಕೌಸ್ಟಿಕ್. ಅದರ ಹೊಟ್ಟೆ ಟೊಳ್ಳು, ನಡುವೆ ಕಿಂಡಿ. ಕರೆಂಟು ಬೇಡ, ಏನೂ ಬೇಡ, ತಂತಿ ಮೀಟಿದರೆ ತಾನೇ ಸದ್ದು ಕೊಡುತ್ತದೆ. ಆದರೆ ತಂತಿ ದಪ್ಪ, ಬೆರಳ ತುದಿ ಸುಲಿಯುತ್ತದೆ. ಇನ್ನೊಂದು ಎಲೆಕ್ಟ್ರಿಕ್. ಗಟ್ಟಿ ಹಲಗೆ, ಹೊಟ್ಟೆಯೇ ಇಲ್ಲ. ತಂತಿ ತೆಳು, ಬೆರಳಿಗೆ ಸುಲಭ, ಆದರೆ ಸ್ಪೀಕರಿಗೆ ಜೋಡಿಸದಿದ್ದರೆ ಅದು ಮೂಕ. ನನ್ನ ಕಣ್ಣಿಗಂತೂ ಚಪಾತಿ ಮಣೆಗೆ ತಂತಿ ಬಿಗಿದ ಹಾಗೆ ಕಂಡಿತು. ಮನೆಯವರಿಗೆ ತೊಂದರೆ ಎನ್ನುವುದಾದರೆ ಒಂದು ಉಪಾಯವಿದೆ ಎಂದು ಅವಳು ಹೆಬ್ಬೆರಳಿನಷ್ಟು ದೊಡ್ಡ ಡಬ್ಬಿ ತೋರಿಸಿದಳು. ಅದನ್ನು ಚಾರ್ಜು ಮಾಡಿ ಗಿಟಾರಿನ ಬುಡಕ್ಕೆ ಚುಚ್ಚಿ, ಹೆಡ್‌ಫೋನು ಹಾಕಿಕೊಂಡರೆ, ಹಾಕಿಕೊಂಡವರಿಗೆ ಮಾತ್ರ ಕೇಳುತ್ತದೆ. ಚಾಲೂ ಇರುವಾಗ ಅದರಲ್ಲಿ ಕೆಂಪು ದೀಪ ಉರಿಯುತ್ತದೆ.

ಪ್ರೇಮಕುಮಾರರ ಕಣ್ಣು ಟೊಳ್ಳು ಹೊಟ್ಟೆಯದರ ಮೇಲೇ ಇತ್ತು. ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ಒಂದು ತಂತಿ ಮೀಟಿದರು. ಸದ್ದು ಅಂಗಡಿ ತುಂಬ ನಿಂತಿತು. ಅದು ಅಡಗುವತನಕ ಅವರು ಅಂಗೈಯನ್ನು ಗಿಟಾರಿನ ಹೊಟ್ಟೆಯಿಂದ ತೆಗೆಯಲಿಲ್ಲ. ಇದನ್ನೇ ತಗೊಳ್ಳಿ ಎಂದೆ. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

"ಮೊದಲೇ ಆಕಿಗೆ ನಿದ್ದಿ ಇಲ್ಲ ಅಕ್ಕಾರ. ಬಂದ ಒಂದೀಟು ನಿದ್ದಿನೂ ನಾ ಕೆಡಸಲೇನು?"

ಗಟ್ಟಿ ಹಲಗೆಯದು ಮನೆಗೆ ಬಂದಿತು. ಸ್ಪೀಕರು ತರಲೇ ಇಲ್ಲ.

ಶಿವಕಾಂತಾ ದಿಂಬಿಗೆ ಒರಗಿ ಕಾಯುತ್ತಿದ್ದಳು. ತಲೆ ಬಾಚಿಸಿಕೊಂಡಿದ್ದಳು ಎಂದು ಶಿವಗಂಗವ್ವ ಆಮೇಲೆ ಹೇಳಿದಳು. ಗಿಟಾರನ್ನು ಮೇಲಿಂದ ಕೆಳಗೆ ನೋಡಿ, ಇದರ ಆವಾಜು ಎಷ್ಟು ದೂರ ಕೇಳುತ್ತದೆ ಎಂದು ಗಂಡನನ್ನು ಕೇಳಿದಳು. ಅವರು ಎದೆಯುಬ್ಬಿಸಿ, ಸ್ವಲ್ಪವೂ ಕೇಳುವುದಿಲ್ಲ, ನೀನು ಆರಾಮವಾಗಿ ಮಲಗಬಹುದು ಎಂದರು. ಅವಳು ಒಂದು ತಂತಿಯನ್ನು ಬೆರಳಿನಿಂದ ಸವರಿದಳು.

"ಚಲೋ ಆತು ಬಿಡ್ರಿ. ಬಾಜೂದವರಿಗೆ ತ್ರಾಸ ಇಲ್ಲ."

ಅಂದಿನಿಂದ ಆ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಊಟವಾದ ಮೇಲೆ ಪ್ರೇಮಕುಮಾರ ಹೊರಗಿನ ಕೋಣೆಯಲ್ಲಿ ಕುರ್ಚಿ ಹಾಕಿ, ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡು, ಫೋನಿನಲ್ಲಿ ಪಾಠ ಹೇಳುವವನನ್ನು ನೋಡುತ್ತ ಬೆರಳು ಆಡಿಸುವರು. ಒಳಗಿನ ಮಂಚ ಬಾಗಿಲಿಗೆ ನೇರವಾಗಿತ್ತು. ಶಿವಕಾಂತಾ ಅಲ್ಲಿಂದ ಅವರನ್ನೇ ನೋಡುವಳು. ಒಣ ತಂತಿಯ ಟಿಕ್ ಟಿಕ್ ಬಿಟ್ಟರೆ ನಮ್ಮಿಬ್ಬರಿಗೆ ಏನೂ ಕೇಳುತ್ತಿರಲಿಲ್ಲ. ಅವರ ಕಾಲು ತಾಳ ಹಾಕುತ್ತಿತ್ತು, ಹುಬ್ಬು ಏರುತ್ತಿತ್ತು, ಒಮ್ಮೊಮ್ಮೆ ತಮ್ಮಷ್ಟಕ್ಕೆ ನಗುತ್ತಿದ್ದರು. ಅವರು ಈ ಕಡೆ ತಿರುಗಿದರೆ ಇವಳು ಕಣ್ಣು ಮುಚ್ಚುವಳು. ನಿದ್ದೆ ಹತ್ತಿತು ಎಂದು ಅವರಿಗೆ ಸಮಾಧಾನ. ಇಂಥ ಗಂಡಹೆಂಡಿರನ್ನು ಎದುರುಬದುರು ಕೂರಿಸಿ ತಲೆಗೆ ತಲೆ ಡಿಕ್ಕಿ ಹೊಡೆಸಬೇಕು ಎನಿಸುತ್ತಿತ್ತು ನನಗೆ.

ಒಂದು ಮಧ್ಯಾಹ್ನ ನಾನು ಅವಳ ಕಾಲು ತಿಕ್ಕುತ್ತಿದ್ದೆ. ಅವರೇನು ಬಾರಿಸುತ್ತಿರಬಹುದು ಎಂದು ಕೇಳಿದಳು. ನನಗೆ ಗೊತ್ತಿತ್ತು. ಹಿಂದಿನ ವಾರವೇ ಅವರು ನನ್ನನ್ನು ಮನೆಯ ಮಾಳಿಗೆಯ ಗಚ್ಚಿಗೆ ಕರೆದುಕೊಂಡು ಹೋಗಿ, ಶಿವಕಾಂತಾ ರೊಟ್ಟಿ ಬಡಿಯುವಾಗ ಗುನುಗುತ್ತಿದ್ದ ಧಾಟಿ ಯಾವುದು ಎಂದು ಕೇಳಿದ್ದರು. ಅದು ನಮ್ಮವ್ವ ಜೋಳ ಬೀಸುವಾಗ ಹಾಡುತ್ತಿದ್ದ ಪದ. ನನ್ನ ಒಡಕು ದನಿಯಲ್ಲೇ ಹಾಡಿಸಿ ಫೋನಿನಲ್ಲಿ ಹಿಡಿದುಕೊಂಡಿದ್ದರು. ತಂಗಿಗೆ ಹೇಳಕೂಡದು ಎಂದು ಮಾತೂ ತೆಗೆದುಕೊಂಡಿದ್ದರು. ಹಾಗಾಗಿ, ನನಗೇನು ಗೊತ್ತು ಎಂದುಬಿಟ್ಟೆ.

ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು.

"ದಿನಾ ಬರೇ ನೋಡೂದೇ ಆತು. ಒಮ್ಮೆ ಕೇಳಬೇಕನಸ್ತದ ಅಕ್ಕಾ."

ಐವತ್ತೈದು ದಾಟಿದ ಹೆಂಗಸು, ನನಗೆ ಗೊತ್ತಿದ್ದ ಮಟ್ಟಿಗೆ ಮೊದಲ ಸಲ, ತನಗಾಗಿ ಒಂದು ಬೇಕು ಎಂದಿದ್ದಳು. ನನಗೆ ಅಳು ಬಂದಿತು. ಈಗಲೇ ಹೇಳುತ್ತೇನೆ ಎಂದು ಏಳಹೋದರೆ ಕೈ ಹಿಡಿದು ಕೂರಿಸಿ, ಗಂಡನಿಗೆ ಹೇಳಿದರೆ ತನ್ನ ಮೇಲೆ ಆಣೆ ಎಂದಳು. ಪಾಪ, ತನ್ನ ನಿದ್ದೆಗಾಗಿ ತಂದಿದ್ದಾರೆ, ನೊಂದುಕೊಳ್ಳುತ್ತಾರೆ ಎಂಬುದು ಅವಳ ವಾದ. ಸಾಯುವವಳು ಹಾಕಿದ ಆಣೆಯನ್ನು ಮುರಿಯುವ ಧೈರ್ಯ ಬಾಯಿಬಡಕಿಗೂ ಬರಲಿಲ್ಲ. ಸುತ್ತಿ ಬಳಸಿ ಪ್ರೇಮಕುಮಾರರಿಗೆ, ಆಕೆಗೂ ಒಮ್ಮೆ ಕೇಳಿಸಬಾರದೇ ಎಂದೆ. ಇನ್ನೂ ಕಚ್ಚಾ ಇದೆ, ಪದದ ತಿರುವಿನಲ್ಲಿ ಬೆರಳು ತಪ್ಪುತ್ತದೆ, ಅದೊಂದು ಸರಿಯಾಗಲಿ ಎಂದರು.

ಸಂಕ್ರಾಂತಿ ಬಂದಿತು. ಶಿವಗಂಗವ್ವ ತಂದುಕೊಟ್ಟ ಎಳ್ಳುಬೆಲ್ಲವನ್ನು ಶಿವಕಾಂತಾ ನಾಲಗೆಗೆ ಮುಟ್ಟಿಸಿಕೊಂಡಳು, ನುಂಗಲಾಗಲಿಲ್ಲ. ಮರುದಿನ ನೀರನ್ನೂ ಚಮಚದಲ್ಲೇ ಹಾಕಬೇಕಾಯಿತು. ಅವತ್ತೂ ಪ್ರೇಮಕುಮಾರ ಕಿವಿ ಮುಚ್ಚಿಕೊಂಡು ಮಧ್ಯಾಹ್ನವೆಲ್ಲ ಆ ತಿರುವನ್ನೇ ತಿದ್ದುತ್ತಿದ್ದರು. ನನ್ನ ಸಹನೆ ಅಲ್ಲಿಗೆ ಮುಗಿಯಿತು. ಹೋಗಿ ಅವರ ಕಿವಿಯಿಂದ ಆ ಹೆಡ್‌ಫೋನು ಕಿತ್ತೆ.

"ನಿಮ್ಮ ಪಕ್ಕಾ ಪ್ರತಿ ನೋಡ್ಲಿಕ್ಕೆ ಆಕಿ ಇರಬೇಕಲ್ರಿ."

ಅವರ ಮುಖ ಸುಣ್ಣ ಬಳಿದಂತಾಯಿತು. ಗಿಟಾರು ಎತ್ತಿಕೊಂಡು ಒಳಗೆ ಬಂದರು.

ದೇವರಿಗೆ ದೀಪ ಹಚ್ಚುವ ಹೊತ್ತು. ಅವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಹೆಡ್‌ಫೋನನ್ನು ಅವಳ ತಲೆಗೆ ಹಾಕಿ, ಕೂದಲು ಸಿಕ್ಕದಂತೆ ಸರಿ ಮಾಡಿದರು. ಒಣಗಿದ ಮುಖಕ್ಕೆ ಅದು ದೊಡ್ಡದಾಗಿತ್ತು. ಬಾರಿಸತೊಡಗಿದರು. ಹೆಡ್‌ಫೋನು ಅವಳ ಕಿವಿಗಿದ್ದುದರಿಂದ ಈಗ ಅವರಿಗೂ ತಮ್ಮದೇ ನಾದ ಕೇಳುತ್ತಿರಲಿಲ್ಲ. ಬೆರಳನ್ನು ನಂಬಿ ಬಾರಿಸುತ್ತಿದ್ದರು. ಶಿವಕಾಂತಾ ಅವರ ಕೈ ನೋಡುತ್ತ, ಕೈ ಆಡಿದಂತೆ ತಲೆ ಆಡಿಸುತ್ತಿದ್ದಳು. ನಾನು ಹೊಸ್ತಿಲ ಹತ್ತಿರ ಅವರ ಬೆನ್ನಿಗೆ ಕೂತಿದ್ದೆ. ಗಿಟಾರಿನ ಬುಡ ನನ್ನ ಕಡೆಗಿತ್ತು. ಕಣ್ಣೊರೆಸಿಕೊಂಡು ನೋಡಿದೆ.

ಕೆಂಪು ದೀಪ ಉರಿಯುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ತಿದ್ದಿ ತಿದ್ದಿ ಸವೆಸಿದ ಚಾರ್ಜು ಅವಳ ಕಿವಿಗೆ ಬರುವಷ್ಟರಲ್ಲಿ ಮುಗಿದುಹೋಗಿತ್ತು.

ನಾನು ಬಾಯಿ ತೆರೆದೆ. ಶಿವಕಾಂತಾ ನನ್ನನ್ನು ನೋಡಿ ಬೇಡ ಎಂದು ಕಣ್ಣಲ್ಲೇ ತಡೆದಳು. ಬೆಚ್ಚಗೆ ಮುಚ್ಚಿದ ಕಿವಿಯೊಳಗೆ ಅವಳಿಗೆ ಆ ಒಣ ಟಿಕ್ ಟಿಕ್ ಕೂಡ ಕೇಳುತ್ತಿರಲಿಲ್ಲ.

ಬಾರಿಸಿ ಮುಗಿಸಿದ ಪ್ರೇಮಕುಮಾರ ಅವಳ ಕಿವಿಯಿಂದ ಹೆಡ್‌ಫೋನು ಸರಿಸಿದರು. ಪರೀಕ್ಷೆ ಬರೆದ ಹುಡುಗನಂತೆ ಅವಳ ಮುಖವನ್ನೇ ನೋಡುತ್ತ, ಯಾವ ಪದ ಎಂದು ಗೊತ್ತಾಯಿತೇ ಎಂದು ಕೇಳಿದರು.

ಅವಳ ಕಣ್ಣು ಗಾಬರಿಯಿಂದ ನನ್ನ ಕಡೆ ಬಂದಿತು. ಅವರ ಬೆನ್ನ ಹಿಂದೆ ನಾನು ಮುಷ್ಟಿ ಕಟ್ಟಿ, ಬೀಸುಕಲ್ಲಿನ ಗೂಟ ಹಿಡಿದಂತೆ, ಗಾಳಿಯಲ್ಲಿ ಕೈ ತಿರುಗಿಸಿದೆ. ಚಿಕ್ಕವರಿದ್ದಾಗ ಅವ್ವನ ಎದುರು ಕೂತು ಇಬ್ಬರೂ ಒಂದೇ ಗೂಟಕ್ಕೆ ಕೈ ಹಚ್ಚಿದವರು. ಶಿವಕಾಂತಾಳ ಮುಖ ಅರಳಿತು.

"ಅವ್ವ ಬೀಸೂ ಮುಂದ ಹಾಡೂ ಪದ ಅಲ್ರಿ? ಭಾಳ ಚಲೋ ಬಂತು."

ಆ ಮನುಷ್ಯ ಗಿಟಾರಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಅವಳು ಅವರ ಬೆನ್ನು ಸವರಿದಳು. ಮುಖ ತೊಳೆಯಲು ಅವರು ಬಚ್ಚಲಿಗೆ ಹೋದಾಗ ನಾನು ಹತ್ತಿರ ಹೋಗಿ, ಚಾರ್ಜು ಮಾಡಿ ನಾಳೆ ಮತ್ತೆ ಬಾರಿಸಲು ಹೇಳೋಣ, ಏನಾದರೂ ನೆಪ ಮಾಡೋಣ ಎಂದೆ.

"ಇರಲಿ ಬಿಡು. ಅವರ ಮಾರಿ ನೋಡಿದಿ ಇಲ್ಲೋ?" ಎಂದಳು.

ಮಾರನೆಯ ದಿನ ಅವಳಿಗೆ ಎಚ್ಚರವಾಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಹೋದಳು. ಹಣೆಗೆ ವಿಭೂತಿ ಹಚ್ಚಿ, ಮಣ್ಣು ಕೊಟ್ಟು ಬಂದೆವು. ಬಂದ ನೆಂಟರೆಲ್ಲ ಮತ್ತದೇ ಮಾತು, ಬಂಗಾರದಂಥ ಹೆಂಗಸು, ಒಂದು ದಿನವೂ ಒಂದು ಬೇಕು ಎಂದವಳಲ್ಲ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕ್ರಿಯಾಕರ್ಮ ಮುಗಿದು ನಾನು ಊರಿಗೆ ಹೊರಡುವ ಹಿಂದಿನ ದಿನ ಪ್ರೇಮಕುಮಾರ ಹೆಗಲಿಗೆ ಗಿಟಾರು ಹಾಕಿಕೊಂಡು ಎಲ್ಲಿಗೋ ಹೋದರು. ತಿರುಗಿ ಬಂದಾಗ ಕೈಯಲ್ಲಿ ಟೊಳ್ಳು ಹೊಟ್ಟೆಯ ಗಿಟಾರಿತ್ತು. ಮಾಧುರಿ ಬದಲಾಯಿಸಿಕೊಟ್ಟಳಂತೆ.

"ಈಗ ಯಾರ ನಿದ್ದಿ ಕೆಡ್ತದ ಅಕ್ಕಾರ?" ಎಂದರು.

ಕುರ್ಚಿಯನ್ನು ಮಂಚದ ಕಡೆಗೆ ತಿರುಗಿಸಿ ಕೂತು ಬಾರಿಸಿದರು. ಮನೆ ತುಂಬ ಅವ್ವನ ಪದ ಕೇಳಿತು. ಅಡುಗೆಮನೆಯ ಡಬ್ಬಿಗಳವರೆಗೆ ಕೇಳಿತು. ಹಾಸಿಗೆ ಸುತ್ತಿಟ್ಟ ಬರಿ ಮಂಚ ನೋಡುತ್ತ ನಾನು ಕೂತಿದ್ದೆ. ನನ್ನ ತಂಗಿ ಒಮ್ಮೆಯೂ ಕೇಳದ್ದನ್ನು ನಾನು ಕೇಳುತ್ತಿದ್ದೆ. ಪದದ ತಿರುವಿಗೆ ಬಂದಾಗ ಅವರ ಬೆರಳು ತಪ್ಪಿತು. ಮತ್ತೆ ಬಾರಿಸಿದರು, ಮತ್ತೆ ಅಲ್ಲೇ ತಪ್ಪಿತು. ಅವರು ಕೈ ನಿಲ್ಲಿಸಿ ಬೆರಳ ತುದಿ ನೋಡಿಕೊಂಡರು.

"ಇಲ್ಲೇ ಹಿಂಗ ಆಗ್ತದ ನೋಡ್ರಿ. ಆವತ್ತ ಆಕಿ ಮುಂದ ಮಾತ್ರ ತಪ್ಪಿರಲಿಲ್ಲ, ಅಲ್ರಿ?"

"ಇಲ್ರಿ," ಎಂದೆ. "ಆವತ್ತ ಒಂದೂ ತಪ್ಪಿರಲಿಲ್ಲ."

ಅವರು ತಲೆಯಾಡಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು.