ಬಾಲದ ಗಾಡಿಯ ದನಿ

"ಫೋನೇ ಸಾಕು ಕಣಣ್ಣ. ಎಲ್ರತ್ರನೂ ಐತೆ. ಗುಂಪಿಗೆಲ್ಲ ಒಂದೇ ಕಾಲ್ ಹಾಕ್ಕಂಡು ಹೊರಟ್ರೆ ಆಯ್ತು," ಎಂದ ಹರೀಶ, ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತ.

ಆದಿವಾಲದಲ್ಲಿ ಎರ್ರಿಸ್ವಾಮಿಯ ಮನೆ ಮುಂದಿನ ತಗಡಿನ ನೆರಳಿನಲ್ಲಿ ಮೂವರು ಜೀಪಿನ ಗೆಳೆಯರು ಸೇರಿದ್ದರು. ಹರೀಶನದು ಹಿರಿಯೂರಿನಲ್ಲಿ ಮೊಬೈಲ್ ಅಂಗಡಿ. ಓಬಳೇಶನದು ಚಿತ್ರದುರ್ಗದಲ್ಲಿ ಗ್ಯಾರೇಜು. ರಸ್ತೆಯಿಲ್ಲದ ಗುಡ್ಡಗಳಲ್ಲಿ ಸಾಲಾಗಿ ಜೀಪು ಓಡಿಸುವ ಹುಚ್ಚನ್ನು ಇವರಿಗೆಲ್ಲ ಹತ್ತಿಸಿದವನೇ ಅವನು, ಗುಂಪಿಗೆ ಮುಂದಾಳು. ಮೂರನೆಯವನು ಮಾಡದಕೆರೆ ಕಡೆಯ ಜುಂಜಣ್ಣ, ಕುರಿ ಸಾಕಿ ಬಂದ ಮನೆತನದವನು, ಎಲ್ಲರಿಗಿಂತ ಹಿರಿಯ. ಎರ್ರಿಸ್ವಾಮಿ ಮಾತ್ರ ಗಾಲಿಕುರ್ಚಿಯಲ್ಲಿದ್ದ. ಹೋದ ವರ್ಷದವರೆಗೆ ಗುಂಪಿನ ಕಟ್ಟಕಡೆಯ ಜೀಪು, ಅವರೆಲ್ಲ ಬಾಲದ ಗಾಡಿ ಎನ್ನುತ್ತಿದ್ದದ್ದು, ಅವನದೇ.

ಈ ವರ್ಷದ ಓಟಕ್ಕೆ ಗಾಡಿಯಿಂದ ಗಾಡಿಗೆ ಮಾತಾಡಲು ಏನನ್ನು ಕೊಳ್ಳಬೇಕು ಎನ್ನುವುದು ಅವತ್ತಿನ ಚರ್ಚೆ. ಮಲಗಿದಲ್ಲೇ ತಿಂಗಳುಗಟ್ಟಲೆ ಅದನ್ನೇ ಓದಿ, ಅದನ್ನೇ ಕೇಳಿ ತಿಳಿದುಕೊಂಡಿದ್ದ ಎರ್ರಿಸ್ವಾಮಿ ಒಂದೊಂದಾಗಿ ಬಿಡಿಸಿ ಹೇಳಿದ. ಫೋನು ಗುಡ್ಡದ ಹಿಂದೆ ಸಾಯುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ವಾಕಿಟಾಕಿ ಸೆಟ್ಟಿಗೆ ಲೈಸೆನ್ಸು ಬೇಡ ನಿಜ, ಆದರೆ ಅಡ್ಡ ಒಂದು ದಿಬ್ಬ ಬಂದರೆ ಅದೂ ಮೂಕ. ಹೋದ ವರ್ಷ ಇದ್ದದ್ದು ಅದೇ. ಪೊಲೀಸರ ಹತ್ತಿರ ಇರುವಂಥ ಜೋರಿನ ಸೆಟ್ಟಿಗೆ ಲೈಸೆನ್ಸು ಬೇಕು, ನಮಗೆ ಯಾರು ಕೊಡುತ್ತಾರೆ? ಉಳಿದದ್ದು ಗಾಡಿಯೊಳಗೆ ಕೂರಿಸುವ, ಉದ್ದನೆ ಏರಿಯಲ್ ಕಡ್ಡಿಯಿರುವ ಸೆಟ್ಟು. ಅದಕ್ಕೂ ಲೈಸೆನ್ಸು ಬೇಡ. ಗುಡ್ಡದ ನೆತ್ತಿಯ ಮೇಲೆ ಒಂದನ್ನು ಇಟ್ಟು ಒಬ್ಬರು ಕೂತರೆ, ಈ ಮಗ್ಗುಲಿನವರ ಮಾತು ಆ ಮಗ್ಗುಲಿನವರಿಗೆ ತಲುಪಿಸಬಹುದು. ಅದನ್ನು ಬೇಸ್ ಅನ್ನುತ್ತಾರೆ.

"ದಿನವಿಡೀ ಒಂದ್ಕಡೆ ಕುಂತಿರೋ ಕೆಲ್ಸ," ಎಂದ ಎರ್ರಿಸ್ವಾಮಿ. "ನನಗಿಂತ ಚೆನ್ನಾಗಿ ಯಾವನ್ಲೇ ಮಾಡ್ತಾನೆ?"

ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ. ಆ ಸೆಟ್ಟು ಬಂದರೆ ಗುಂಪಿನಲ್ಲಿ ತನಗೊಂದು ಜಾಗ, ಬರದಿದ್ದರೆ ಈ ತಗಡಿನ ನೆರಳೇ ಎಂದು ಎರ್ರಿಸ್ವಾಮಿಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಹೋದ ವರ್ಷ ನಡೆದದ್ದು ಇಷ್ಟೇ. ಪ್ರತಿ ಏರು ದಾಟಿದ ಮೇಲೆ ಓಬಳೇಶ ಮುಂದಿನಿಂದ ಕೂಗುವುದು, ಒಬ್ಬೊಬ್ಬರೇ ಇದ್ದೀನಿ ಎನ್ನುವುದು, ಇದು ಕಟ್ಟಳೆ. ಬಾಲದ ದನಿ ಮುಂದಿನವರೆಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಅದರ ಮುಂದಿದ್ದ ಜುಂಜಣ್ಣ ಕೇಳಿಸಿಕೊಂಡು ದಾಟಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕೇಳಿಸಿಕೊಳ್ಳುವುದು ನಿಂತಿತು, ದಾಟಿಸುವುದು ನಿಲ್ಲಲಿಲ್ಲ. ಮದುವೆ ಬಸ್ಸು ಹೊರಡುವಾಗ ಬಾಗಿಲಲ್ಲಿ ನಿಂತವರು ಹಿಂದೆ ತಿರುಗಿಯೂ ನೋಡದೆ ಎಲ್ಲಾರೂ ಹತ್ತ್ಯಾರೆ ಹೊರಡ್ರಿ ಎನ್ನುತ್ತಾರಲ್ಲ, ಹಾಗೆ. "ಸ್ವಾಮಿನೂ ಬರ್ತಾವ್ನೆ" ಎಂದು ಜುಂಜಣ್ಣ ಹೇಳಿದಾಗ ಎರ್ರಿಸ್ವಾಮಿ ಕೊರಕಲಿನಲ್ಲಿ ಮಗುಚಿದ ಜೀಪಿನ ಅಡಿ ಇದ್ದ. ಎದೆಯ ಮೇಲಿದ್ದ ಸೆಟ್ಟಿನಲ್ಲಿ ಆ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಸೆಟ್ಟಿನ ಗುಂಡಿ ಒತ್ತಲು ಕೈ ಅಲ್ಲಾಡುವಂತಿರಲಿಲ್ಲ. ಮುಂದಿನ ಎರಡು ಏರುಗಳಲ್ಲೂ ಜುಂಜಣ್ಣನ ಮಾತಿನಲ್ಲಿ ಅವನು ಬರುತ್ತಲೇ ಇದ್ದ.

ಆಮೇಲೆ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಕೂತವನೂ ಜುಂಜಣ್ಣನೇ. ಎರ್ರಿಸ್ವಾಮಿಯ ಹೆಂಡತಿ ಅನುಸೂಯಳಿಗೆ ಊಟ ತಂದುಕೊಟ್ಟವನೂ ಅವನೇ. ಹಾಗಾಗಿ ಆ ಮಾತನ್ನು ಯಾರೂ ಎತ್ತಿರಲಿಲ್ಲ.

ಕೊನೆಗೆ ಒಂದು ಭಾನುವಾರ ಪರೀಕ್ಷೆ ಮಾಡಿ ನೋಡೋಣ ಎಂದಾಯಿತು. ಓಬಳೇಶ ತನಗೆ ಗೊತ್ತಿದ್ದವರಿಂದ ಅಂಥ ನಾಲ್ಕು ಸೆಟ್ಟು ಎರವಲು ತಂದ. ಹೊರಡುವ ಬೆಳಿಗ್ಗೆ ಅನುಸೂಯ ಗಂಡನ ಕೊರಳಿಗೆ ಟವೆಲ್ ಸುತ್ತುತ್ತ, ಅಲ್ಲಿ ಹೋಗಿ ಕುಂತು ಏನ್ಮಾಡ್ತೀರಿ ಎಂದಳು. ಕೇಳ್ತೀನಿ ಎಂದ ಅವನು.

ಮಾಡದಕೆರೆಯ ಆಚೆ, ಕರೆಂಟು ತೆಗೆಯುವ ಗಾಳಿಯ ಫ್ಯಾನುಗಳು ನಿಂತ ಗುಡ್ಡಕ್ಕೆ ಅವನನ್ನು ಹತ್ತಿಸಿದರು. ಫ್ಯಾನಿನ ಬುಡದಲ್ಲಿ ಕುರ್ಚಿ ಇಟ್ಟು, ಗಾಲಿಗೆ ಕಲ್ಲು ಕೊಟ್ಟು, ಏರಿಯಲ್ಲು ಎತ್ತಿ ಕಟ್ಟಿ, ಮೂವರೂ ಜೀಪು ಇಳಿಸಿಕೊಂಡು ಹೋದರು. ಮುಂದೆ ಓಬಳೇಶ, ನಡುವೆ ಜುಂಜಣ್ಣ, ಬಾಲಕ್ಕೆ ಹರೀಶ. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದೂ ಹೋಯಿತು. ತಲೆಯ ಮೇಲೆ ಫ್ಯಾನಿನ ರೆಕ್ಕೆಯ ನೆರಳು ನೆಲವನ್ನು ಒರೆಸಿ ಒರೆಸಿ ಹೋಗುತ್ತಿತ್ತು.

ಎರ್ರಿಸ್ವಾಮಿ ಮೈಕು ಹಿಡಿದು ಕೂಗಿದ. ಓಬಳೇಶನ ದನಿ ಪಕ್ಕದಲ್ಲೇ ಕೂತಂತೆ ಬಂತು. ಎಷ್ಟೋ ತಿಂಗಳ ಮೇಲೆ ಎರ್ರಿಸ್ವಾಮಿಯ ಮುಖ ಅರಳಿತು. ನಂತರ ಜುಂಜಣ್ಣ.

"ಇದ್ದೀನಪ್ಪ ಸ್ವಾಮಿ. ಹಿಂದೆ ಹರೀಶನೂ ಬರ್ತಾವ್ನೆ."

ಎರ್ರಿಸ್ವಾಮಿ ಹರೀಶನ ಹೆಸರು ಹಿಡಿದು ಕರೆದ. ಗುಯ್ ಎನ್ನುವ ಸದ್ದು. ಮತ್ತೆ ಕರೆದ. ಬರ್ತಾವ್ನೆ ಬಿಡಪ್ಪ, ಧೂಳು ಕಾಣ್ತೈತೆ ಎಂದ ಜುಂಜಣ್ಣ. ಎರ್ರಿಸ್ವಾಮಿ ಕರೆಯುತ್ತಲೇ ಇದ್ದ, ಟವೆಲ್ಲು ಬೆವರಿಗೆ ಒದ್ದೆಯಾಗುವವರೆಗೂ. ಕಡೆಗೆ ಹರೀಶ ಸಿಕ್ಕಿದ. ಮೈಕು ಸೀಟಿನ ಕೆಳಗೆ ಬಿದ್ದಿತ್ತಂತೆ, ಪಾಪಾಸುಕಳ್ಳಿಯ ಬೇಲಿ ಹತ್ತಿರ ನಿಂತು ಹುಡುಕುತ್ತಿದ್ದನಂತೆ. ಜುಂಜಣ್ಣ ಕಂಡ ಧೂಳು ಜುಂಜಣ್ಣನ ಗಾಡಿಯದೇ.

ಮೇಲೆ ಬಂದು ಇಳಿದಾಗ ಮೂವರೂ ಖುಷಿಯಲ್ಲಿದ್ದರು. ಸೆಟ್ಟು ಏನ್ ಪಸಂದಾಗೈತೆ, ಇದನ್ನೇ ತಗಳಾಣ ಎಂದ ಓಬಳೇಶ. ಆಗ ಸುಮ್ಮನಿದ್ದಿದ್ದರೆ ಎರ್ರಿಸ್ವಾಮಿಗೆ ಅವನ ಜಾಗ ಸಿಕ್ಕೇಬಿಡುತ್ತಿತ್ತು. ಸುಮ್ಮನಿರಲು ಅವನು ನೋಡಿದ, ಬಾಯಿ ತಡೆಯಲಿಲ್ಲ.

"ಜುಂಜಣ್ಣ, ನೀನು ನಿನ್ನ ಸುದ್ದಿ ಅಷ್ಟೇ ಹೇಳು. ಬಾಲದೋನು ತನ್ನ ಬಾಯಿಂದ ಇದ್ದೀನಿ ಅನ್ನೋವರೆಗೂ ಯಾವ ಗಾಡಿನೂ ಅಲ್ಲಾಡಂಗಿಲ್ಲ. ಇದಕ್ಕೆ ಒಪ್ಪಿದ್ರೆ ನಾನು ಬೇಸಲ್ಲಿ ಕುಂತ್ಕಂತೀನಿ."

ಜುಂಜಣ್ಣ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಅಂದ್ರೆ, ಅವತ್ತಿಂದು ನನ್ ತಲೆ ಮೇಲೇ ಹಾಕ್ತೀಯ ಅನ್ನು."

"ಹಾಕ್ತಿಲ್ಲ. ಹೇಳ್ತಿದೀನಿ."

ಇಲ್ಲಿನ ಹೊಲಗಳಲ್ಲಿ, ಕುರಿ ಮೇಯುವ ಜಾಗದಲ್ಲಿ ಗಾಡಿ ಬಿಡಲು ಊರವರನ್ನು ಒಪ್ಪಿಸುವವನು ಜುಂಜಣ್ಣ. ಅವನು ಮುನಿದರೆ ಓಟವೇ ಇಲ್ಲ. ಅವನು ಹೋಗಿ ತನ್ನ ಜೀಪಿನಲ್ಲಿ ಕೂತ. ಹರೀಶ ಒಮ್ಮೆ ಎರ್ರಿಸ್ವಾಮಿಯ ಮುಖ, ಒಮ್ಮೆ ಜುಂಜಣ್ಣನ ಮುಖ ನೋಡಿದ. ಓಬಳೇಶ ಟೈರಿನ ಮಣ್ಣು ಕೆರೆದು, ಬಂದು ಎರ್ರಿಸ್ವಾಮಿಯ ಹೆಗಲ ಮೇಲೆ ಕೈಯಿಟ್ಟ.

"ಈ ಸಲ ಫೋನಲ್ಲೇ ಮುಗಿಸಾಣ ಬಿಡು ಸ್ವಾಮಿ. ಸೆಟ್ಟು ಮುಂದಿನ ವರ್ಷಕ್ಕೆ ನೋಡಾಣ."

"ಗುಡ್ಡದ ಹಿಂದೆ ಸಿಗಲ್ವಲ್ಲೋ ಫೋನು."

"ಸಿಗದ ಕಡೆ ಜುಂಜಣ್ಣ ನೋಡ್ಕಂತಾನೆ."

ಹರೀಶ ಏರಿಯಲ್ಲು ಬಿಚ್ಚಿ ವೈರು ಸುತ್ತತೊಡಗಿದ. ಎರ್ರಿಸ್ವಾಮಿಯನ್ನು ಕುರ್ಚಿಯಿಂದ ಎತ್ತಿ ಜೀಪಿಗೆ ಹಾಕಲು ಇಬ್ಬರಿಂದ ಆಗಲಿಲ್ಲ. ಕರೆಯದೆಯೇ ಜುಂಜಣ್ಣ ಇಳಿದು ಬಂದು ಕಾಲು ಹಿಡಿದ. ಸೀಟಿನ ಮೇಲೆ ಕೂರಿಸುವಾಗ ಒಂದು ಚಪ್ಪಲಿ ಜಾರಿ ಮುಳ್ಳಿನ ಮೇಲೆ ಬಿತ್ತು. ಜುಂಜಣ್ಣ ಅದನ್ನು ಎತ್ತಿ, ಅಂಟಿದ ಮುಳ್ಳನ್ನು ಉಗುರಿನಿಂದ ಕಿತ್ತು, ಅಡಿಯನ್ನು ಅಂಗೈಯಲ್ಲಿ ಒರೆಸಿ, ಎರ್ರಿಸ್ವಾಮಿಯ ಪಾದಕ್ಕೆ ತೊಡಿಸಿ, ಬಾಗಿಲು ಹಾಕಿದ.