ಆರಿಸಬಾರದ ವಾಲ್ವು

ಉಪಗ್ರಹದೊಳಗೆ ಬಲ್ಬಿನಂತೆ ಉರಿಯುವ ರೇಡಿಯೊ ವಾಲ್ವು ಕೆಟ್ಟರೆ ರಿಪೇರಿಗೆ ಯಾರೂ ಏಣಿ ಹಾಕಲಾರರು. ಅದಕ್ಕೇ ಸಾರಾತೋವ್‌ನ ನಮ್ಮ ಕಾರ್ಖಾನೆಯಲ್ಲಿ, ಮೇಲೆ ಹೋಗಬೇಕಾದ ವಾಲ್ವಿನಂಥದ್ದೇ ಇನ್ನೊಂದನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಎಷ್ಟು ಕಾಲ ಬಾಳುತ್ತದೆ ನೋಡೋಣವೆಂದು ಬಿಡುವಿಲ್ಲದೆ ಉರಿಸುತ್ತಿದ್ದೆವು. ಆರು ವರ್ಷದಿಂದ ಉರಿಯುತ್ತಿತ್ತು. ಒಮ್ಮೆ ಆರಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಅದನ್ನು ಕಟ್ಟಿದವನು ನನ್ನ ತಮ್ಮ ವೇನ್ಯ. ಅಮ್ಮ ಹೋದ ಮೇಲೆ ನಾನೇ ಸಾಕಿ ಬೆಳೆಸಿದವನು. ಮದುವೆ ಮಾಡಿಕೋ ಎಂದರೆ ಬೀರುವಿನ ಕಡೆ ಕೈ ತೋರಿಸುತ್ತಿದ್ದ, ದಡ್ಡ.

ಬೀರುವಿನ ಬಾಗಿಲು ತೆರೆದರೆ ಕರೆಂಟು ತಾನಾಗಿಯೇ ಹೋಗಬೇಕು. ನಮ್ಮವರು ಬಾಗಿಲ ಸಂದಿಯಲ್ಲಿ ಕರೆಂಟು ಕಡಿಯುವ ಗುಂಡಿ ಮೇಲೇಳದಂತೆ ಬೆಂಕಿಕಡ್ಡಿ ತುರುಕಿ, ವಾಲ್ವು ಉರಿಯುತ್ತಿರುವಾಗಲೇ ಒಳಗೆ ಕೈ ಹಾಕುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಮಾಸ್ಕೋದವರು ತಪಾಸಣೆಗೆ ಬರುವ ದಿನವೇ ವಾಲ್ವನ್ನು ತಂಪಾಗಿಡುವ ನೀರಿನ ಪೈಪು ಬೀರುವಿನೊಳಗೆ ಸೋರತೊಡಗಿತು.

"ಆರಿಸಿ ಸರಿ ಮಾಡೋ," ಎಂದೆ.

"ನಿನ್ನ ಬಾಯಿಗಿಷ್ಟು! ಆರಿಸ್ಬೇಕಂತೆ!" ವೇನ್ಯ ನಕ್ಕ. "ಕಡ್ಡಿ ಇಟ್ಟಿದೀನಿ ಅಕ್ಕ, ಎರಡು ನಿಮಿಷದ ಕೆಲಸ."

ವಿಭಾಗದ ಮುಖ್ಯಸ್ಥ ಅರ್ಖಿಪ್ ಸಾವ್ವಿಚ್ ಹಿಂದೆಯೇ ನಿಂತು ತಲೆಯಾಡಿಸಿದ. ಭಾಗಗಳನ್ನು ಒರೆಸಲು ಕೊಟ್ಟ ಸ್ಪಿರಿಟ್ಟು ಬೆಳಿಗ್ಗೆಯೇ ಅವನ ಬಾಯಲ್ಲಿ ನಾರುತ್ತಿತ್ತು.

ಚಟ್ಟೆಂದು ನೀಲಿ ಬೆಂಕಿ ಸಿಡಿಯಿತು. ವೇನ್ಯನ ಬಲಗೈ ಒಳಗೇ ಕಚ್ಚಿಕೊಂಡಿತು. ಮೈ ಸೆಟೆದು ಹಲ್ಲು ಕಟಕಟ ಎಂದವು. ಸುಟ್ಟ ಮಾಂಸದ ವಾಸನೆ ಮೂಗಿಗೆ ಹೊಡೆಯಿತು.

ನಾನು ಗೋಡೆಯ ಸ್ವಿಚ್ಚಿನತ್ತ ಓಡಿದೆ. ಅರ್ಖಿಪ್ ನನ್ನ ಜಡೆ ಹಿಡಿದು ಎಳೆದ. "ಮುಟ್ಬೇಡ ಕಣೇ! ಕೋಲಲ್ಲಿ ಎಳ್ಕೋ ಅವನ್ನ! ಆರು ವರ್ಷ ಮಣ್ಣುಪಾಲಾಗತ್ತೆ!"

ಕಬ್ಬಿಣದ ಕೊಕ್ಕೆಯ ಮರದ ಕೋಲು ಅಲ್ಲೇ ನೇತಾಡುತ್ತಿತ್ತು. ಕಿತ್ತು ಅವನ ಮೂತಿಗೇ ಬೀಸಿದೆ. ಮೂಗು ಮುರಿದ ಸದ್ದಿಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಇನ್ನೊಂದು ಕೊಟ್ಟು ಸ್ವಿಚ್ಚು ಎಳೆದೆ.

ವೇನ್ಯ ದೊಪ್ಪನೆ ಬಿದ್ದ. ಉಸಿರಿರಲಿಲ್ಲ. ಎದೆಗೆ ಗುದ್ದಿದೆ, ಬಾಯಿಗೆ ಬಾಯಿಟ್ಟು ಊದಿದೆ, ಮತ್ತೆ ಗುದ್ದಿದೆ. ಕೊನೆಗೆ ಕೆಮ್ಮಿ ಕಣ್ಣು ಬಿಟ್ಟ. ಅವನು ಮೊದಲು ನೋಡಿದ್ದು ನನ್ನನ್ನಲ್ಲ, ಬೀರುವಿನ ಮೇಲಿನ ಕರೆಂಟು ಮೀಟರಿನ ಮುಳ್ಳನ್ನು. ಅದು ಸೊನ್ನೆಯಲ್ಲಿತ್ತು.

"ಆರಿಸ್ಬಿಟ್ಯಾ?" ಎಂದವನೇ ನನ್ನ ಹೊಟ್ಟೆಗೆ ಒದ್ದ.

ಅರ್ಖಿಪ್ ರಕ್ತ ಉಗುಳುತ್ತ ಸ್ವಿಚ್ಚಿನತ್ತ ತೆವಳುತ್ತಿದ್ದ. "ಈಗ್ಲೇ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ ವೇನ್ಯ. ಬೇಗ ಪೈಪು ಬಿಗಿ ಮಾಡು."

ನನ್ನ ತಮ್ಮ ಕರಕಲಾದ ಕೈಯನ್ನು ಎದೆಗವಚಿಕೊಂಡು, ಎಡಗೈಯನ್ನು ಮತ್ತೆ ಆ ಬೀರುವಿನೊಳಗೆ ಚಾಚಿದ!

ನನಗೆ ತಲೆ ಕೆಟ್ಟಿತು. ಅವನ ಕೂದಲು ಹಿಡಿದು ಹಿಂದಕ್ಕೆಸೆದು, ವಾಲ್ವಿನ ಪಿಂಗಾಣಿ ಕುತ್ತಿಗೆಗೆ ಕೊಕ್ಕೆಯಿಂದ ಬಾರಿಸಿದೆ. ಒಡೆಯುವವರೆಗೂ ಬಾರಿಸಿದೆ. ಗಾಳಿ ತೆಗೆದು ಮುಚ್ಚಿದ್ದ ಅದರೊಳಕ್ಕೆ ಗಾಳಿ ಸುಂಯ್ ಎಂದು ನುಗ್ಗಿತು. ಅಷ್ಟೇ, ಅದರ ಕಥೆ ಮುಗಿಯಿತು.

"ಜೈಲು ಕಣೇ ಫಾಯಿನಾ ನಿಂಗೆ!" ಅರ್ಖಿಪ್ ಕಿರುಚಿದ.

"ಹೋಗ್ತೀನಿ, ಬಿಡು."

ವೇನ್ಯ ಗೋಳೋ ಎಂದು ಅತ್ತ; ಅಮ್ಮನನ್ನು ಮಣ್ಣು ಮಾಡಿದಾಗಲೂ ಹಾಗೆ ಅತ್ತಿರಲಿಲ್ಲ. "ನನ್ನನ್ನೇ ಸಾಯಕ್ಕೆ ಬಿಡ್ಬೇಕಿತ್ತು ಅಕ್ಕ," ಎಂದ.

ಕೆನ್ನೆಗೆ ಬಾರಿಸಿದೆ. ಅಳುತ್ತಲೇ ಇನ್ನೊಂದು ಬಾರಿಸಿದೆ. ಅವನು "ಅಯ್ಯೋ" ಎಂದು ಮುಖ ಮುಚ್ಚಿಕೊಂಡ. ಚಿಕ್ಕವನಿದ್ದಾಗಲೂ ಹೀಗೇ ಮುಚ್ಚಿಕೊಳ್ಳುತ್ತಿದ್ದ.

ನೋವಾಗುತ್ತಿದೆ ಇವನಿಗೆ, ಬದುಕಿದ್ದಾನೆ! ಅವನನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ಬಂದು ನಿಂತಿದ್ದ ಮಾಸ್ಕೋದವರನ್ನು ತಳ್ಳಿಕೊಂಡು ಹೊರಗೆ ನಡೆದೆ.