ಹೌದು ಅಂದ ಮೇಲೆ

ಜನ ತುಂಬಿದ ಸಭೆಯಲ್ಲಿ ಮಗ ಡೇವಿಯನ್‌ನ ಹೆಸರನ್ನು ಒಮ್ಮೆಯಾದರೂ ಹೇಳಬೇಕು. ವರ್ಲೀನ್‌ಗೆ ಬೇಕಾಗಿದ್ದದ್ದು ಅಷ್ಟೇ. ಬಾಡಿಗೆ ಮನೆಯ ಗೋಡೆಯ ತುಂಬ ಕಪ್ಪು ಬೂಷ್ಟು. ಆ ಗಾಳಿ ಕುಡಿದು ಕುಡಿದು ಹುಡುಗನ ಉಬ್ಬಸ ಏರಿತು. ಚಳಿಗಾಲ ಮುಗಿಯುವಷ್ಟರಲ್ಲಿ ಸತ್ತ. ಮನೆ ಮಾಲೀಕ ಗೋಡೆಗೆ ಬಿಳಿ ಬಣ್ಣ ಬಳಿಸಿ ಬೇರೆಯವರಿಗೆ ಕೊಟ್ಟ.

ಅಮೆರಿಕದ ಮಿಲ್ವಾಕಿ ನಗರದ ಉತ್ತರ ಭಾಗದ ಚರ್ಚುಗಳು, ಮಸೀದಿ, ಒಂದು ಯಹೂದಿ ಮಂದಿರ ಸೇರಿ ಕಟ್ಟಿಕೊಂಡ ಕೂಟ ಅವಳನ್ನು ಹುಡುಕಿಕೊಂಡು ಬಂತು. ಬಡವರ ಬಾಡಿಗೆ ಮನೆಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬುದು ಅವರ ಬೇಡಿಕೆ. ನಗರಾಡಳಿತದ ಅಧಿಕಾರಿಯನ್ನು ಸಭೆಗೆ ಕರೆಸುವುದು, ನೊಂದವರಿಂದ ಮಾತಾಡಿಸುವುದು, ಆಮೇಲೆ ಎಲ್ಲರೆದುರು ಹೌದೋ ಅಲ್ಲವೋ ಎಂದು ಕೇಳುವುದು ಅವರ ಪದ್ಧತಿ.

ಮಸೀದಿಯ ಸುಮಯ್ಯಾ ಅವಳಿಗೆ ತಾಲೀಮು ಕೊಟ್ಟಳು.

"ಮೂರೇ ನಿಮಿಷ, ಮಿಸ್ ವರ್ಲೀನ್. ಮಾಲೀಕನಿಗೆ ಬೈಬೇಡಿ."

"ಬೈಯದೇ ಹೇಳೋದಾದ್ರೆ ಮೂರು ನಿಮಿಷ ಯಾಕಮ್ಮ, ಒಂದೇ ಸಾಕು."

ಸುಮಯ್ಯಾ ನಕ್ಕಳು, ಆದರೆ ಬಿಡಲಿಲ್ಲ. "ಇನ್ನೊಂದು ನೆನಪಿರಲಿ. ಅಧಿಕಾರಿ ಹೌದು ಅಂದ ಮೇಲೆ ಯಾರೂ ಬಾಯಿ ಬಿಡಬಾರದು."

ಮೂರು ನಿಮಿಷಕ್ಕೆಂದು ಮಾತನ್ನು ಕತ್ತರಿಸುತ್ತ ಹೋದಂತೆ ಅದರಿಂದ ಆಂಬುಲೆನ್ಸ್ ಹೋಯಿತು, ಆಸ್ಪತ್ರೆ ಹೋಯಿತು. ಒಂದನ್ನು ಮಾತ್ರ ವರ್ಲೀನ್ ಬಿಟ್ಟುಕೊಡಲಿಲ್ಲ. ಕಿಟಕಿಯ ಚಳಿ ತಾಗದಿರಲೆಂದು ಹುಡುಗನನ್ನು ಆ ಗೋಡೆಯ ಪಕ್ಕ ಮಲಗಿಸುತ್ತಿದ್ದವಳು ಅವಳೇ. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಪಾಸ್ಟರ್ ಹಾಲಿಸ್ ಅವರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೆಳತಿ ಒಡೆಸ್ಸಾ ಪಿಸುಗುಟ್ಟಿದಳು: "ನೋಡೇ, ಯಹೂದಿ ಮಂದಿರದ ರಬ್ಬಿನೂ ನಮ್ಮ ಹಾಡಿಗೆ ಚಪ್ಪಾಳೆ ತಟ್ತಿದಾರೆ. ಪಾಪ, ತಾಳ ಮಾತ್ರ ಬೇರೆ ಹಾಡಿಂದು."

ವರ್ಲೀನ್‌ಳ ಹೆಸರು ಕೂಗಿದರು. ಅವಳು ಎದ್ದು ವೇದಿಕೆಯ ಕಡೆ ಹೊರಟಿದ್ದಳಷ್ಟೇ, ಅಧಿಕಾರಿ ಎದ್ದು ಮೈಕ್ ಎಳೆದುಕೊಂಡ.

"ನಿಮ್ಮನ್ನ ಕಾಯಿಸೋದು ಬೇಡ. ನೀವು ಕೇಳಿದ್ದಕ್ಕೆ ನಮ್ಮದು ಹೌದು. ತಪಾಸಣೆ ಶುರು ಮಾಡ್ತೀವಿ."

ಚರ್ಚು ಅದುರಿಹೋಯಿತು. ಪಾಸ್ಟರ್ ಇಮಾಮರನ್ನು ತಬ್ಬಿಕೊಂಡರು. ಆರ್ಗನ್ ಮೊಳಗಿತು. ವರ್ಲೀನ್ ಸಾಲುಗಳ ನಡುವೆ ನಿಂತೇ ಇದ್ದಳು. ಸುಮಯ್ಯಾ ಓಡಿಬಂದಳು.

"ಗೆದ್ವಿ, ಮಿಸ್ ವರ್ಲೀನ್!"

"ನಾನು ಮಾತಾಡೋದು?"

ಸುಮಯ್ಯಾಳ ಮುಖ ಇಳಿಯಿತು. "ಈಗ ಬೇಡ ಅಂತಾರೆ ಪಾಸ್ಟರ್. ಒಪ್ಪಿದವನನ್ನ ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಗುತ್ತೆ. ಕೊಟ್ಟ ಮಾತು ಹಿಂದಕ್ಕೆ ತಗೊಂಡ್ಬಿಟ್ರೆ?"

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಇನ್ನು ಯಾರ ಮಗುವೂ ಅಂಥ ಗೋಡೆಯ ಪಕ್ಕ ಮಲಗುವುದಿಲ್ಲ, ಬಂದದ್ದು ಅದಕ್ಕೇ ತಾನೇ ಎಂದು ವರ್ಲೀನ್ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಹೊರಗೆ ಹೋಗುವವರ ಸಾಲಿನಲ್ಲಿ ನಿಂತಳು.

ಬಾಗಿಲ ಬಳಿ ಅಧಿಕಾರಿ ಎಲ್ಲರ ಕೈಕುಲುಕುತ್ತಿದ್ದ. ಅವಳ ಸರದಿ ಬಂತು.

"ನನ್ನ ಮಗ ಡೇವಿಯನ್," ಎಂದಳು. "ಒಂಬತ್ತು ವರ್ಷ."

"ಚೆಂದದ ಹೆಸರು. ಮುಂದಿನ ಸಲ ಅವನನ್ನೂ ಕರ್ಕೊಂಡು ಬನ್ನಿ. ಇಂಥದ್ದನ್ನ ಮಕ್ಕಳು ನೋಡ್ಬೇಕು."

ಹಿಂದಿದ್ದ ಒಡೆಸ್ಸಾ ಬಾಯಿ ತೆರೆದಳು. ವರ್ಲೀನ್ ಅವಳ ತೋಳನ್ನು ಬಿಗಿಯಾಗಿ ಹಿಡಿದಳು.

"ಆಯ್ತು ಸರ್," ಎಂದಳು.

ಮೆಟ್ಟಿಲಿಳಿದ ಮೇಲೆ ಒಡೆಸ್ಸಾ ತೋಳು ಕೊಡವಿಕೊಂಡಳು. "ಯಾಕೇ ಸುಮ್ನಾದೆ? ಆ ಮನುಷ್ಯಂಗೆ ಗೊತ್ತಾಗ್ಬೇಡ್ವಾ?"

"ಹೌದು ಅಂದಿದಾನಲ್ಲೇ," ಎಂದಳು ವರ್ಲೀನ್.